‘ತಪ್ಪು ಲಿವರ್ ಎಳೆದ ಪೈಲಟ್’: ಫಾರ್ವರ್ಡ್ ಹೇಳದೆ ಬಿಟ್ಟ ಕತೆ

ಹೊಳೆಹೊನ್ನೂರಿನ ಓದುಗರೊಬ್ಬರು ನಮಗೊಂದು ಚಿಕ್ಕ ವಿಡಿಯೋ ಕಳಿಸಿದ್ದಾರೆ. ಪುಟ್ಟ ವಿಮಾನವೊಂದು ರನ್‌ವೇಗೆ ಬಡಿದು ಮೇಲೆ ಚಿಮ್ಮುತ್ತದೆ, ಮತ್ತೆ ಬಡಿಯುತ್ತದೆ, ಮೂರನೇ ಸಲಕ್ಕೆ ಮೂಗು ನೆಲಕ್ಕೆ ಊರಿ ನಿಂತುಬಿಡುತ್ತದೆ. ಮೇಲೆ ದಪ್ಪ ಅಕ್ಷರದಲ್ಲಿ ‘ತಪ್ಪು ಲಿವರ್ ಎಳೆದ ಟ್ರೈನಿ ಪೈಲಟ್’ ಎಂದು ಬರೆದಿದೆ. ಯಾವ ಊರು, ಯಾವ ವರ್ಷ, ಯಾವ ವಿಮಾನ ಎಂಬುದು ಒಂದೂ ಇಲ್ಲ.

ಅವರ ಮನೆಯಲ್ಲಿ ಪಿಯುಸಿ ಓದುತ್ತಿರುವ ಮಗಳಿಗೆ ಪೈಲಟ್ ಆಗುವ ಆಸೆ. 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ಶಿವಮೊಗ್ಗದ ವಿಮಾನ ನಿಲ್ದಾಣ ಉದ್ಘಾಟನೆಯಾಗಿ, ಆಗಸ್ಟ್ 31ರಿಂದ ಬೆಂಗಳೂರಿನ ವಿಮಾನ ಬಂದು ಹೋಗಲು ಶುರುವಾದ ಮೇಲೆ ಭದ್ರಾವತಿ ಸೀಮೆಯ ಮಕ್ಕಳಿಗೆ ಇಂಥ ಆಸೆ ಬರುವುದು ಸಹಜವೇ. ಆದರೆ ಈ ವಿಡಿಯೋ ನೋಡಿದ ಅಜ್ಜಿ, ಒಂದು ಲಿವರ್ ತಪ್ಪಿದರೆ ಪ್ರಾಣ ಹೋಗುವ ಕೆಲಸ ನಮ್ಮ ಹುಡುಗಿಗೆ ಬೇಡ ಎಂದು ಪಟ್ಟು ಹಿಡಿದಿದ್ದಾರಂತೆ. ತಪ್ಪು ಲಿವರ್ ಎಳೆಯುವುದು ನಿಜಕ್ಕೂ ಆಗುತ್ತದೆಯೇ, ಅಷ್ಟು ಓದಿದವರು ಹಾಗೆ ಮಾಡುತ್ತಾರೆಯೇ ಎಂಬುದು ಅವರ ಪ್ರಶ್ನೆ.

ಆಗುತ್ತದೆ. ಹೊಸಬರಿಂದಲೂ ಆಗುತ್ತದೆ, ಸಾವಿರಾರು ಗಂಟೆ ಹಾರಿಸಿದವರಿಂದಲೂ ಆಗುತ್ತದೆ. ಆದರೆ ‘ಪೈಲಟ್ ತಪ್ಪು ಮಾಡಿದ’ ಎಂದು ಫಾರ್ವರ್ಡ್ ಎಲ್ಲಿ ಮುಗಿಯುತ್ತದೋ, ತನಿಖೆ ಶುರುವಾಗುವುದು ಅಲ್ಲಿಂದ. ಆ ಎರಡನೇ ಭಾಗ ನಮ್ಮ ಮೊಬೈಲಿಗೆ ಬರುವುದೇ ಇಲ್ಲ.

ಮೊದಲು ಆ ವಿಡಿಯೋ

ವಿಡಿಯೋದಲ್ಲಿ ಕಾಣುವುದಕ್ಕೂ ಮೇಲಿನ ಬರಹಕ್ಕೂ ತಾಳೆಯೇ ಆಗುವುದಿಲ್ಲ. ವಿಮಾನ ಹೀಗೆ ಕಪ್ಪೆಯಂತೆ ಕುಪ್ಪಳಿಸುವುದಕ್ಕೆ ಸಾಮಾನ್ಯವಾಗಿ ಯಾವ ಲಿವರೂ ಕಾರಣವಲ್ಲ. ವೇಗ ಸ್ವಲ್ಪ ಹೆಚ್ಚಿದ್ದು ಚಕ್ರ ನೆಲಕ್ಕೆ ತಾಗಿದಾಗ ವಿಮಾನ ಮೇಲೇಳುತ್ತದೆ. ಗಾಬರಿಯಾದ ವಿದ್ಯಾರ್ಥಿ ಅದನ್ನು ಕೆಳಗಿಳಿಸಲು ಹಿಡಿಕೆಯನ್ನು ಮುಂದಕ್ಕೆ ತಳ್ಳುತ್ತಾನೆ. ಮೂಗು ಕೆಳಗಾಗಿ ಮುಂದಿನ ಚಕ್ರ ಮೊದಲು ಬಡಿಯುತ್ತದೆ, ವಿಮಾನ ಇನ್ನೂ ಎತ್ತರಕ್ಕೆ ಚಿಮ್ಮುತ್ತದೆ. ಮತ್ತೆ ತಳ್ಳುತ್ತಾನೆ. ಪ್ರತಿ ಸಲವೂ ಅವನ ಕೈ ಅರ್ಧ ಸೆಕೆಂಡು ತಡ. ಎರಡನೇ ಅಥವಾ ಮೂರನೇ ಬಡಿತಕ್ಕೆ ಮುಂದಿನ ಚಕ್ರದ ಕಾಲು ಮುರಿಯುತ್ತದೆ. ಮೊದಲ ಪುಟಿತಕ್ಕೇ ಪೂರ್ತಿ ಥ್ರಾಟಲ್ ಕೊಟ್ಟು, ಮೇಲೆ ಹೋಗಿ, ಒಂದು ಸುತ್ತು ಹಾಕಿ ಬಂದು ಮತ್ತೆ ಇಳಿಯುವುದೇ ಇದಕ್ಕೆ ಶಾಲೆಯಲ್ಲಿ ಕಲಿಸುವ ಮದ್ದು.

ಹಾಗಾಗಿ ಆ ತಲೆಬರಹವನ್ನು ನಂಬಲು ಯಾವ ಆಧಾರವೂ ಇಲ್ಲ. ಆದರೂ ಪ್ರಶ್ನೆ ಒಳ್ಳೆಯದಿದೆ, ಬಿಡುವಂತಿಲ್ಲ.

ಪುಟ್ಟ ವಿಮಾನದ ಒಳಗೆ

ನಮ್ಮ ದೇಶದ ಹಲವು ಹಾರಾಟ ಶಾಲೆಗಳಲ್ಲಿ ಕಾಣುವ ಸೆಸ್ನಾ 152 ಅಥವಾ 172 ಒಳಗೆ ಕೂತಿದ್ದೀರಿ ಅಂದುಕೊಳ್ಳಿ. ವಿದ್ಯಾರ್ಥಿ ಎಡ ಸೀಟಿನಲ್ಲಿ, ಇನ್‌ಸ್ಟ್ರಕ್ಟರ್ ಬಲಕ್ಕೆ. ಇಬ್ಬರ ಮುಂದೆಯೂ ಹಿಡಿಕೆ ಇದೆ, ಇಬ್ಬರ ಕಾಲಡಿಯಲ್ಲೂ ಪೆಡಲ್ ಇವೆ. ವಿದ್ಯಾರ್ಥಿಯ ಎಡಗೈ ಹಿಡಿಕೆಯ ಮೇಲೆ, ಬಲಗೈ ಮಧ್ಯದ ಫಲಕದ ಮೇಲೆ.

ಮಧ್ಯದಲ್ಲಿ ಕಪ್ಪು ಗುಂಡಿ ಥ್ರಾಟಲ್. ಅದರ ಬಲಕ್ಕೆ ಕೆಂಪು ಗುಂಡಿ ಮಿಕ್ಸ್‌ಚರ್, ಅಂದರೆ ಎಂಜಿನ್‌ಗೆ ಹೋಗುವ ಪೆಟ್ರೋಲ್ ಮತ್ತು ಗಾಳಿಯ ಹದ. ಹಳೆಯ ಮಾದರಿಗಳಲ್ಲಿ ಥ್ರಾಟಲ್‌ನ ಎಡಕ್ಕೆ ಕಾರ್ಬ್ ಹೀಟ್ ಎಂಬ ಇನ್ನೊಂದು ಗುಂಡಿ. ಮಲೆನಾಡಿನ ಮಳೆಗಾಲದಂಥ ತೇವದ ಗಾಳಿಯಲ್ಲಿ, ಹೊರಗೆ ಬೆಚ್ಚಗಿದ್ದರೂ ಕಾರ್ಬ್ಯುರೇಟರ್ ಒಳಗೆ ಮಂಜುಗಡ್ಡೆ ಕಟ್ಟಿ ಎಂಜಿನ್ ಕೆಮ್ಮಬಹುದು. ಆದ್ದರಿಂದ ಇಳಿಯಲು ಥ್ರಾಟಲ್ ತಗ್ಗಿಸುವ ಮೊದಲು ಕಾರ್ಬ್ ಹೀಟ್ ಎಳೆದು ಬಿಸಿ ಗಾಳಿ ಕೊಡುತ್ತಾರೆ.

ಈಗ ಗಮನಿಸಿ. ಕಾರ್ಬ್ ಹೀಟ್ ಎಳೆದರೆ ಎಂಜಿನ್‌ಗೆ ರಕ್ಷಣೆ. ಮಿಕ್ಸ್‌ಚರ್ ಪೂರ್ತಿ ಎಳೆದರೆ ಎಂಜಿನ್ ಆಫ್. ವಿಮಾನ ನಿಲ್ಲಿಸಿದ ಮೇಲೆ ಎಂಜಿನ್ ಬಂದ್ ಮಾಡುವುದೇ ಹಾಗೆ. ಎರಡೂ ಎಳೆಯುವ ಗುಂಡಿಗಳು, ನಡುವೆ ಗೇಣಿನ ಅಂತರವೂ ಇಲ್ಲ. ವಿದ್ಯಾರ್ಥಿಯ ಕಣ್ಣು ಹೊರಗಿನ ರನ್‌ವೇ ಮೇಲೆ, ಕಿವಿ ರೇಡಿಯೋ ಮೇಲೆ, ಮನಸ್ಸು ವೇಗದ ಮುಳ್ಳಿನ ಮೇಲೆ. ಕೈ ಮಾತ್ರ ತಾನೇ ಹೋಗಿ ಸಿಕ್ಕಿದ್ದನ್ನು ಎಳೆಯುತ್ತದೆ.

ಇದನ್ನು ತಡೆಯಲೆಂದೇ ಮಿಕ್ಸ್‌ಚರ್ ಗುಂಡಿಗೆ ಕೆಂಪು ಬಣ್ಣ, ಅಂಚಿಗೆ ಹಲ್ಲು ಹಲ್ಲಾದ ಕೆತ್ತನೆ. ಸೆಸ್ನಾಗಳಲ್ಲಿ ನಡುವಿನ ಸಣ್ಣ ಬಟನ್ ಒತ್ತಿ ಹಿಡಿದರೆ ಮಾತ್ರ ಅದು ಸಲೀಸಾಗಿ ಹೊರಬರುತ್ತದೆ. ಕಣ್ಣಿಗಷ್ಟೇ ಅಲ್ಲ, ಬೆರಳಿಗೂ ಗೊತ್ತಾಗಲಿ ಎಂದು.

ಇಳಿಯುವ ಹೊತ್ತಿಗೆ ಇನ್ನೂ ಕೆಲವು ಇಂಥ ಜಾಗಗಳಿವೆ. ನೆಲದ ಮೇಲೆ ವಿಮಾನವನ್ನು ತಿರುಗಿಸುವುದು ಕಾಲಿನ ಪೆಡಲ್‌ನಿಂದ. ಕಾರು, ಸ್ಕೂಟರ್ ಓಡಿಸಿ ಬಂದ ಹೊಸಬರು ಮೊದಲ ದಿನ ಕೈಯಲ್ಲಿರುವ ಹಿಡಿಕೆಯನ್ನು ಸ್ಟೀರಿಂಗ್‌ನಂತೆ ತಿರುಗಿಸುತ್ತಾರೆ. ವಿಮಾನ ತನ್ನ ಪಾಡಿಗೆ ನೇರ ಹೋಗುತ್ತದೆ. ಅದೇ ಪೆಡಲ್‌ನ ಮೇಲ್ತುದಿ ಒತ್ತಿದರೆ ಬ್ರೇಕ್. ಪಾದ ಸ್ವಲ್ಪ ಮೇಲಿಟ್ಟುಕೊಂಡೇ ಇಳಿದರೆ ಬ್ರೇಕ್ ಹಿಡಿದೇ ನೆಲ ಮುಟ್ಟಿದಂತೆ. ಟೈರ್ ಸಿಡಿಯಬಹುದು, ವಿಮಾನ ಪಕ್ಕಕ್ಕೆ ಹೊರಳಬಹುದು. ಹಿಮ್ಮಡಿ ನೆಲಕ್ಕಿಡು ಎಂದು ಇನ್‌ಸ್ಟ್ರಕ್ಟರ್‌ಗಳು ಹೇಳುವುದು ಅದಕ್ಕೇ. ಇಳಿಯುವುದು ಬೇಡವೆಂದು ಮತ್ತೆ ಮೇಲೇರುವಾಗ ಫ್ಲ್ಯಾಪ್‌ಗಳನ್ನು ಹಂತಹಂತವಾಗಿ ಮಡಚಬೇಕು. ಅವಸರಕ್ಕೆ ಒಂದೇ ಸಲ ಮಡಚಿದರೆ ರೆಕ್ಕೆಯ ಎತ್ತುವ ಶಕ್ತಿ ತಟ್ಟನೆ ಕುಗ್ಗಿ, ಏರಬೇಕಾದ ವಿಮಾನ ಕುಸಿಯುತ್ತದೆ.

ಬುಲೆಟ್ ಓಡಿಸಿದವರಿಗೆ ಇದು ಗೊತ್ತು

ಹಳೆಯ ರಾಯಲ್ ಎನ್‌ಫೀಲ್ಡ್ ಬುಲೆಟ್‌ನಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಉಳಿದ ಬೈಕುಗಳಲ್ಲಿ ಅದು ತಿರುಗುಮುರುಗು. ಹತ್ತು ವರ್ಷ ಬುಲೆಟ್ ಓಡಿಸಿದವರು ತಮ್ಮನ ಸ್ಪ್ಲೆಂಡರ್ ತೆಗೆದುಕೊಂಡು ಹೊಳೆಹೊನ್ನೂರಿನಿಂದ ಭದ್ರಾವತಿಗೆ ಹೊರಟರೆ ದಾರಿಯುದ್ದಕ್ಕೂ ಏನೂ ಆಗುವುದಿಲ್ಲ. ನೆನಪಿಟ್ಟುಕೊಂಡು ಓಡಿಸುತ್ತಾರೆ. ಎದುರಿಗೆ ತಟ್ಟನೆ ಕರು ಅಡ್ಡ ಬಂದಾಗ ಎಡಗಾಲು ಬ್ರೇಕ್ ಎಂದುಕೊಂಡು ಗೇರ್ ತುಳಿಯುತ್ತದೆ. ಅವರಿಗೆ ಬೈಕ್ ಓಡಿಸಲು ಬರುವುದಿಲ್ಲವೇ? ಚೆನ್ನಾಗಿ ಬರುತ್ತದೆ. ಚೆನ್ನಾಗಿ ಬರುವುದರಿಂದಲೇ ಕಾಲು ಯೋಚಿಸದೆ ಹೋಯಿತು.

ಮನುಷ್ಯರ ತಪ್ಪುಗಳ ಬಗ್ಗೆ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಇಲ್ಲಿ ಒಂದು ಗೆರೆ ಎಳೆಯುತ್ತಾರೆ. ಮಾಡಬೇಕಾದ್ದೇನು ಎಂಬ ತೀರ್ಮಾನವೇ ತಪ್ಪುವುದು ಒಂದು ಬಗೆ. ತೀರ್ಮಾನ ಸರಿಯಿದ್ದು ಕೈ ತಪ್ಪುವುದು ಇನ್ನೊಂದು ಬಗೆ. ಅದನ್ನು ನಾವು ಕೈತಪ್ಪು ಎನ್ನೋಣ. ಮೊದಲನೆಯದಕ್ಕೆ ಪಾಠ ಹೇಳಬಹುದು. ಎರಡನೆಯದಕ್ಕೆ ‘ಇನ್ನು ಮೇಲೆ ಹುಷಾರಾಗಿರು’ ಎಂದು ಬೈದರೆ ಹೆಚ್ಚು ಉಪಯೋಗವಿಲ್ಲ, ಏಕೆಂದರೆ ಕೈತಪ್ಪು ನಡೆಯುವ ಕ್ಷಣದಲ್ಲಿ ಅದು ತಪ್ಪೆಂದು ಮಾಡುವವರಿಗೇ ಗೊತ್ತಿರುವುದಿಲ್ಲ.

ರಬ್ಬರ್ ಚಕ್ರ ಅಂಟಿಸಿದವರು

ಇದು ಎರಡನೇ ಮಹಾಯುದ್ಧದ ಕಾಲದಲ್ಲೇ ಬೆಳಕಿಗೆ ಬಂದ ಸಂಗತಿ. ಅಮೆರಿಕದ ಬಿ-17 ಬಾಂಬರ್‌ಗಳು ಯುದ್ಧದಿಂದ ಸುರಕ್ಷಿತವಾಗಿ ಮರಳಿ, ರನ್‌ವೇ ಮೇಲೆ ಇಳಿದ ಮೇಲೆ, ಪೈಲಟ್‌ಗಳು ಫ್ಲ್ಯಾಪ್ ಮಡಚುವ ಬದಲು ಚಕ್ರ ಮಡಚಿಬಿಡುತ್ತಿದ್ದರು. ವಿಮಾನ ಹೊಟ್ಟೆಯ ಮೇಲೆ ಕೂರುತ್ತಿತ್ತು. ವರದಿಯಲ್ಲಿ ಕಾರಣ ‘ಪೈಲಟ್ ತಪ್ಪು’.

1943ರಲ್ಲಿ ಆಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞರನ್ನು ಇದನ್ನು ನೋಡಲು ಕಳಿಸಿದರು. ಅವರು ಪೈಲಟ್‌ಗಳನ್ನಷ್ಟೇ ಅಲ್ಲ, ಕಾಕ್‌ಪಿಟ್ಟನ್ನೂ ನೋಡಿದರು. ಚಕ್ರದ ಸ್ವಿಚ್ಚು, ಫ್ಲ್ಯಾಪ್‌ನ ಸ್ವಿಚ್ಚು ಅಕ್ಕಪಕ್ಕದಲ್ಲಿದ್ದವು, ನೋಡಲು ಒಂದೇ ಥರ, ಮುಟ್ಟಲೂ ಒಂದೇ ಥರ. ಸಿ-47 ವಿಮಾನದಲ್ಲಿ ಇವೆರಡೂ ಬೇರೆ ಬೇರೆ ಬಗೆಯಲ್ಲಿದ್ದವು. ಅದರ ಪೈಲಟ್‌ಗಳು ಈ ತಪ್ಪು ಮಾಡುತ್ತಿರಲಿಲ್ಲ. ಚಪಾನಿಸ್ ಸೂಚಿಸಿದ ಪರಿಹಾರ ನಾಲ್ಕಾಣೆಯದು: ಚಕ್ರದ ಸ್ವಿಚ್ಚಿನ ತುದಿಗೆ ಸಣ್ಣ ರಬ್ಬರ್ ಚಕ್ರ, ಫ್ಲ್ಯಾಪ್ ಸ್ವಿಚ್ಚಿಗೆ ರೆಕ್ಕೆಯಂಥ ಬೆಣೆ. ಅಷ್ಟರಿಂದ ಆ ಅಪಘಾತಗಳು ನಿಂತವು. ಇವತ್ತಿಗೂ ಅಮೆರಿಕದ ವಿಮಾನ ನಿಯಮಗಳಲ್ಲಿ ಚಕ್ರದ ಲಿವರ್ ಚಕ್ರದಂತೆ, ಫ್ಲ್ಯಾಪ್ ಲಿವರ್ ರೆಕ್ಕೆಯಂತೆ ಇರಬೇಕೆಂಬ ಮಾತಿದೆ. ಸೋಗಾನೆಗೆ ಬರುವ ಎಟಿಆರ್‌ನ ಕಾಕ್‌ಪಿಟ್ ಚಿತ್ರವನ್ನು ಹುಡುಕಿ ನೋಡಿದರೆ ಚಕ್ರದ ಲಿವರ್ ಪುಟ್ಟ ಚಕ್ರದಂತೆಯೇ ಕಾಣುತ್ತದೆ.

1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಎಂಬವರು ಪೈಲಟ್‌ಗಳಿಂದಲೇ ಕೇಳಿ, ಕಂಟ್ರೋಲ್‌ಗಳಿಗೆ ಸಂಬಂಧಿಸಿದ 460 ‘ಪೈಲಟ್ ತಪ್ಪು’ಗಳನ್ನು ವಿಂಗಡಿಸಿದರು. ಅರ್ಧದಷ್ಟು ಒಂದೇ ಜಾತಿಯವು: ಒಂದನ್ನು ಹಿಡಿಯಲು ಹೋಗಿ ಇನ್ನೊಂದನ್ನು ಹಿಡಿದದ್ದು. ಆ ಕಾಲದ ಸೇನಾ ವಿಮಾನಗಳಲ್ಲಿ ಥ್ರಾಟಲ್, ಪ್ರೊಪೆಲ್ಲರ್, ಮಿಕ್ಸ್‌ಚರ್ ಲಿವರ್‌ಗಳ ಸಾಲು ಒಂದೊಂದರಲ್ಲಿ ಒಂದೊಂದು ಬಗೆ. ಒಂದರಿಂದ ಇನ್ನೊಂದಕ್ಕೆ ಹೋದ ಪೈಲಟ್‌ನ ಪಾಡು ನಮ್ಮ ಬುಲೆಟ್ ಸವಾರನ ಪಾಡೇ.

ಪಾಠ ಕಲಿತಾಯಿತು ಅಂದುಕೊಳ್ಳಬೇಡಿ. ಬೀಚ್‌ಕ್ರಾಫ್ಟ್ ಕಂಪನಿಯ ಬೊನಾಂಜಾ, ಬ್ಯಾರನ್ ಎಂಬ ಲಘು ವಿಮಾನಗಳಲ್ಲಿ ಚಕ್ರ ಮತ್ತು ಫ್ಲ್ಯಾಪ್ ಸ್ವಿಚ್ಚುಗಳ ಜಾಗ ಉಳಿದ ಕಂಪನಿಗಳಿಗಿಂತ ಅದಲುಬದಲಾಗಿ ದಶಕಗಳ ಕಾಲ ಇತ್ತು. ಇಳಿದು ಓಡುತ್ತಿರುವಾಗಲೇ ಫ್ಲ್ಯಾಪ್ ಎಂದು ಚಕ್ರ ಮಡಚಿದ ಅಪಘಾತಗಳು ಇವುಗಳಲ್ಲಿ ಹೆಚ್ಚಾಗಿದ್ದನ್ನು ಕಂಡು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 1980ರಲ್ಲಿ ಒಂದು ವಿಶೇಷ ವರದಿಯನ್ನೇ ಹೊರತಂದಿತು. ನೆಲದ ಮೇಲಿದ್ದಾಗ ಚಕ್ರ ಮಡಚದಂತೆ ತಡೆಯುವ ಸ್ವಿಚ್ ವಿಮಾನದ ಕಾಲಿನಲ್ಲಿ ಇರುತ್ತದಲ್ಲವೇ ಎಂದು ಕೇಳಬಹುದು. ಇರುತ್ತದೆ. ಆದರೆ ಇಳಿದ ಕೂಡಲೇ ವೇಗ ಇನ್ನೂ ಇರುವಾಗ ಅರ್ಧ ಭಾರವನ್ನು ರೆಕ್ಕೆಯೇ ಹೊತ್ತಿರುತ್ತದೆ, ಕಾಲು ಪೂರ್ತಿ ಅದುಮಿರುವುದಿಲ್ಲ. ಸ್ವಿಚ್ ಪಾಲಿಗೆ ವಿಮಾನ ಇನ್ನೂ ಗಾಳಿಯಲ್ಲೇ ಇದೆ. ಅದಕ್ಕೇ ಒಳ್ಳೆಯ ಶಾಲೆಗಳಲ್ಲಿ, ಇಳಿದ ಮೇಲೆ ರನ್‌ವೇ ಬಿಟ್ಟು ಹೊರಬಂದು ನಿಂತ ಮೇಲೆಯೇ ಫ್ಲ್ಯಾಪ್ ಮುಟ್ಟು ಎಂದು ಕಲಿಸುತ್ತಾರೆ. ಅಲ್ಲೂ ಮೊದಲು ಮುಟ್ಟು, ಹೆಸರು ಹೇಳು, ಆಮೇಲೆ ಎಳೆ.

ಬೆಂಗಳೂರು, 1990

ತರಬೇತಿ ವಿಮಾನವಲ್ಲದಿದ್ದರೂ ನಮ್ಮ ರಾಜ್ಯದಲ್ಲೇ ಆದ ಒಂದು ಅಪಘಾತವನ್ನು ಇಲ್ಲಿ ನೆನೆಯಲೇಬೇಕು.

1990ರ ಫೆಬ್ರವರಿ 14ರ ಮಧ್ಯಾಹ್ನ ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605 ವಿಮಾನ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. ಒಳಗಿದ್ದ 146 ಜನರಲ್ಲಿ 92 ಮಂದಿ ಸತ್ತರು. ಹವಾಮಾನ ಚೆನ್ನಾಗಿತ್ತು. ಏರ್‌ಬಸ್ ಎ320 ಆಗಷ್ಟೇ ದೇಶಕ್ಕೆ ಬಂದ ಹೊಸ ಬಗೆಯ ವಿಮಾನ. ಅವತ್ತಿನ ಹಾರಾಟವೂ ಒಂದು ರೀತಿಯ ತರಬೇತಿಯೇ: ಎಡ ಸೀಟಿನ ಕ್ಯಾಪ್ಟನ್ ಆ ವಿಮಾನದ ನಾಯಕತ್ವಕ್ಕೆ ಪರೀಕ್ಷೆ ಕೊಡುತ್ತಿದ್ದರು, ಬಲ ಸೀಟಿನಲ್ಲಿ ಪರೀಕ್ಷಕ ಕ್ಯಾಪ್ಟನ್ ಇದ್ದರು.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ನೇತೃತ್ವದಲ್ಲಿ ತನಿಖೆ ನಡೆಯಿತು. ಕೊನೆಯ ಹಂತದಲ್ಲಿ ಎಂಜಿನ್‌ಗಳು ಐಡಲ್‌ನಲ್ಲಿದ್ದವು, ವಿಮಾನ ಬರೀ ಜಾರುತ್ತಾ ಇಳಿಯುತ್ತಿತ್ತು, ವೇಗ ಕುಸಿಯುತ್ತಿತ್ತು. ಎತ್ತರ ಕಡಿಮೆಯಾಗುತ್ತಿದೆ ಎಂದು ಯಂತ್ರದ ಧ್ವನಿ 400, 300, 200 ಅಡಿ ಎಂದು ಕೂಗಿದರೂ ಥ್ರಾಟಲ್ ಮುಂದೆ ತಳ್ಳುವುದು ತಡವಾಯಿತು ಎಂಬುದನ್ನು ತನಿಖೆ ಸಂಭವನೀಯ ಕಾರಣವೆಂದಿತು. ಆದರೆ ಎಂಜಿನ್ ಆ ಸ್ಥಿತಿಗೆ ಹೋದದ್ದೇಕೆ ಎಂಬುದನ್ನು ಖಚಿತವಾಗಿ ಗುರುತಿಸಲು ಸಾಧ್ಯವಿಲ್ಲ ಎಂದೂ ಅದೇ ವರದಿ ಹೇಳಿತು.

ತುಂಬ ಚರ್ಚೆಯಾದ ಒಂದು ಸಾಧ್ಯತೆ ಇದು. ಆ ವಿಮಾನದಲ್ಲಿ ಎಷ್ಟು ಎತ್ತರಕ್ಕೆ ಹೋಗಬೇಕು ಎಂದು ಹೇಳುವ ತಿರುಗುಗುಂಡಿ, ಎಷ್ಟು ವೇಗದಲ್ಲಿ ಇಳಿಯಬೇಕು ಎಂದು ಹೇಳುವ ತಿರುಗುಗುಂಡಿ ಎರಡೂ ಪಕ್ಕಪಕ್ಕ. ನಿಮಿಷಕ್ಕೆ 700 ಅಡಿಯಂತೆ ಇಳಿಸು ಎಂದು ಹೇಳಹೊರಟ ಕೈ, ಎತ್ತರದ ಗುಂಡಿಯಲ್ಲಿ 700 ತಿರುಗಿಸಿರಬಹುದು. ಬೆಂಗಳೂರೇ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. 700 ಅಡಿಗೆ ಹೋಗು ಎಂದರೆ ಊರಿನ ನೆಲದಡಿಗೆ ಹೋಗು ಎಂದಂತೆ. ಕಂಪ್ಯೂಟರ್ ವಾದ ಮಾಡಲಿಲ್ಲ, ಎಂಜಿನ್ ತಗ್ಗಿಸಿ ಇಳಿಯತೊಡಗಿತು. ಕಾರಿನಂತೆ ಎಂಜಿನ್ ಶಕ್ತಿ ಇಳಿದದ್ದು ಕಾಲಿಗೆ, ಕೈಗೆ ಗೊತ್ತಾಗುವ ವಿಮಾನವೂ ಅದಲ್ಲ. ಎ320ಯ ಥ್ರಸ್ಟ್ ಲಿವರ್ ಕಂಪ್ಯೂಟರ್ ಶಕ್ತಿಯನ್ನು ಏರಿಸಿ ಇಳಿಸಿದರೂ ಇದ್ದಲ್ಲೇ ಇರುತ್ತದೆ. ಇದು ಸಾಬೀತಾದ ಸಂಗತಿಯಲ್ಲ, ಸಾಧ್ಯತೆ. ಆದರೆ ಇದೇ ಜಾತಿಯ ಗೊಂದಲ ಎರಡು ವರ್ಷದ ಬಳಿಕ ಫ್ರಾನ್ಸಿನಲ್ಲೂ ಚರ್ಚೆಗೆ ಬಂತು. 1992ರ ಜನವರಿ 20ರಂದು ಸ್ಟ್ರಾಸ್‌ಬರ್ಗ್ ಬಳಿ ಇನ್ನೊಂದು ಎ320 ಬೆಟ್ಟಕ್ಕೆ ಬಡಿದು 87 ಜನ ಸತ್ತರು. ಅಲ್ಲಿ 3.3 ಡಿಗ್ರಿ ಇಳಿಜಾರು ಎಂದುಕೊಂಡು ಹಾಕಿದ ಅಂಕಿಯನ್ನು ಯಂತ್ರ ನಿಮಿಷಕ್ಕೆ 3300 ಅಡಿ ಎಂದು ತೆಗೆದುಕೊಂಡಿರಬಹುದು ಎಂಬುದು ತನಿಖೆಯ ಮುಖ್ಯ ಅನುಮಾನ. ಪರದೆಯ ಮೇಲೆ ಎರಡೂ ಎರಡೇ ಅಂಕಿಯಲ್ಲಿ ಕಾಣುತ್ತಿದ್ದವು. ಆಮೇಲೆ ಇಳಿಯುವ ವೇಗವನ್ನು ನಾಲ್ಕು ಅಂಕಿಯಲ್ಲಿ ತೋರಿಸುವಂತೆ ಬದಲಾಯಿಸಿದರು.

ಪೋಖರಾದಲ್ಲೂ ಅದೇ

ಇತ್ತೀಚಿನದು ನೇಪಾಳದ್ದು. 2023ರ ಜನವರಿ 15ರಂದು ಪೋಖರಾದಲ್ಲಿ ಇಳಿಯುತ್ತಿದ್ದ ಎಟಿಆರ್-72 ಬಿದ್ದು ಒಳಗಿದ್ದ 72 ಜನರೂ ಸತ್ತರು, ಅವರಲ್ಲಿ ಐವರು ಭಾರತೀಯರು. ಕೊನೆಯ ಕ್ಷಣದ ಲೈವ್ ವಿಡಿಯೋ ನಮ್ಮೆಲ್ಲರ ಮೊಬೈಲಿಗೂ ಬಂದಿತ್ತು. ತನಿಖಾ ವರದಿ ಬಂದದ್ದು ಆ ವರ್ಷದ ಕೊನೆಗೆ. ಅದನ್ನು ಯಾರೂ ಫಾರ್ವರ್ಡ್ ಮಾಡಿದ್ದು ನಾವು ಕಾಣೆವು.

ವರದಿ ಹೇಳಿದ್ದು ಇಷ್ಟು. ಎಡ ಸೀಟಿನ ಕ್ಯಾಪ್ಟನ್‌ಗೆ ಎರಡು ವಾರದ ಹಿಂದಷ್ಟೇ ತೆರೆದಿದ್ದ ಹೊಸ ನಿಲ್ದಾಣವನ್ನು ಪರಿಚಯ ಮಾಡಿಸುವ ಹಾರಾಟ ಅದು, ಬಲಕ್ಕೆ ಇನ್‌ಸ್ಟ್ರಕ್ಟರ್. ಫ್ಲ್ಯಾಪ್ 30ಕ್ಕೆ ಇಡಿ ಎಂದು ಕೇಳಿದಾಗ ಇನ್‌ಸ್ಟ್ರಕ್ಟರ್ ಇಟ್ಟೆ ಎಂದರು. ಆದರೆ ಎಳೆದದ್ದು ಪಕ್ಕದ ಎರಡು ಕಂಡಿಷನ್ ಲಿವರ್‌ಗಳನ್ನು. ಪ್ರೊಪೆಲ್ಲರ್‌ನ ಎಲೆಗಳು ಗಾಳಿಗೆ ಅಂಚು ಕೊಟ್ಟು ನಿಂತವು. ಎಂಜಿನ್ ಓಡುತ್ತಲೇ ಇತ್ತು, ಮುಂದೆ ತಳ್ಳುವ ಶಕ್ತಿ ಮಾತ್ರ ಇಲ್ಲವಾಯಿತು. ಶಕ್ತಿ ಬರುತ್ತಿಲ್ಲ ಎಂದು ಎಡ ಸೀಟಿನವರು ಹೇಳಿದರು. ಯಾಕೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಇಲ್ಲಿ ಕೈ ತಪ್ಪಿದ್ದು ಕಲಿಯುವವರದ್ದಲ್ಲ, ಕಲಿಸುವವರದ್ದು. ಹೊಸ ನಿಲ್ದಾಣ, ಬಿಗಿಯಾದ ತಿರುವು, ಹೆಚ್ಚಿದ ಕೆಲಸದ ಒತ್ತಡ, ಇದರ ಜೊತೆಗೆ ಕಲಿಸುವ ಹೊಣೆ. ಇಬ್ಬರಿದ್ದಾರಲ್ಲ, ಒಬ್ಬರು ತಪ್ಪಿದರೆ ಇನ್ನೊಬ್ಬರು ನೋಡುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ತರಬೇತಿಯ ಹಾರಾಟದಲ್ಲಿ ಅದು ಕೆಲವೊಮ್ಮೆ ತಿರುಗಿ ಬೀಳುತ್ತದೆ: ಇನ್‌ಸ್ಟ್ರಕ್ಟರ್ ಇದ್ದಾರೆ, ತಪ್ಪಿದ್ದರೆ ಹೇಳುತ್ತಾರೆ ಎಂದು ವಿದ್ಯಾರ್ಥಿ, ಇನ್ನೊಂದು ಕ್ಷಣ ನೋಡೋಣ, ತಾನೇ ಸರಿಪಡಿಸಿಕೊಳ್ಳಲಿ ಎಂದು ಇನ್‌ಸ್ಟ್ರಕ್ಟರ್. ಲಘು ವಿಮಾನಗಳಲ್ಲಿ ಇಬ್ಬರೂ ಒಟ್ಟಿಗೆ ಹಿಡಿಕೆ ಹಿಡಿದು ಒಬ್ಬರು ಎಳೆದು ಇನ್ನೊಬ್ಬರು ತಳ್ಳುವುದೂ ಉಂಟು. ಅದಕ್ಕಾಗಿಯೇ ‘ಐ ಹ್ಯಾವ್ ಕಂಟ್ರೋಲ್’, ‘ಯು ಹ್ಯಾವ್ ಕಂಟ್ರೋಲ್’ ಎಂದು ಬಾಯಿಬಿಟ್ಟು ಹೇಳಿ, ತಿರುಗಿ ಹೇಳಿಸಿಕೊಂಡೇ ಕೈಬದಲಾಯಿಸುವ ಪದ್ಧತಿ.

ಎಲ್ಲವೂ ಕೈತಪ್ಪಲ್ಲ

ಇದನ್ನು ಓದಿ ಎಲ್ಲ ಅಪಘಾತಕ್ಕೂ ‘ಡಿಸೈನ್ ಸರಿಯಿಲ್ಲ’ ಎಂಬ ಹೊಸ ಫಾರ್ವರ್ಡ್ ಹುಟ್ಟದಿರಲಿ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ಸತ್ತ ಅಪಘಾತದಲ್ಲಿ ಯಾವ ಲಿವರೂ ಗೊಂದಲ ಹುಟ್ಟಿಸಲಿಲ್ಲ. ಎತ್ತರ ಹೆಚ್ಚಿತ್ತು, ವೇಗ ಹೆಚ್ಚಿತ್ತು, ಸಹಪೈಲಟ್ ಮತ್ತೆ ಮೇಲೇರೋಣ ಎಂದು ಎಚ್ಚರಿಸಿದ್ದರು. ಕ್ಯಾಪ್ಟನ್ ಇಳಿಯುವ ತೀರ್ಮಾನಕ್ಕೇ ಅಂಟಿಕೊಂಡರು. ಅವರು ದಾರಿಯಲ್ಲಿ ಬಹಳ ಹೊತ್ತು ನಿದ್ದೆಯಲ್ಲಿದ್ದರು ಎಂಬುದು ಧ್ವನಿಮುದ್ರಣದಿಂದ ಗೊತ್ತಾಯಿತು. ಇದು ರೀಸನ್ ಹೇಳಿದ ಮೊದಲ ಬಗೆ, ತೀರ್ಮಾನದ ತಪ್ಪು. ಅದಕ್ಕೆ ಮದ್ದು ಬೇರೆ: ನಿದ್ದೆ, ಕಿರಿಯರು ಹಿರಿಯರಿಗೆ ಎದುರಾಡಬಲ್ಲ ವಾತಾವರಣ, ಮೇಲೇರಿ ಬಂದವರನ್ನು ಹೀಯಾಳಿಸದ ಕಂಪನಿ.

ಇನ್ನು ಕೆಲವು ಸಲ ಪೈಲಟ್ ತಪ್ಪೇ ಇರುವುದಿಲ್ಲ. 2023ರ ಮೇ ಕೊನೆಯಲ್ಲಿ ಬೆಳಗಾವಿಯ ಸಾಂಬ್ರಾದಿಂದ ಹೊರಟ ತರಬೇತಿ ವಿಮಾನ ತಾಂತ್ರಿಕ ತೊಂದರೆಯಿಂದ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು. ಹೊಲದಲ್ಲಿ ಬಿದ್ದಂತೆ ಕಾಣುವ ವಿಮಾನದ ಚಿತ್ರ ನೋಡಿದ ಕೂಡಲೇ ‘ಟ್ರೈನಿ ಬೀಳಿಸಿದ’ ಎನ್ನುತ್ತೇವೆ. ಎಂಜಿನ್ ಕೈಕೊಟ್ಟಾಗ ಹೊಲ ಹುಡುಕಿ ಇಳಿಸುವುದು ತರಬೇತಿಯಲ್ಲಿ ಕಲಿಸುವ ವಿದ್ಯೆ. ಆ ಚಿತ್ರ ಎಷ್ಟೋ ಸಲ ಚೆನ್ನಾಗಿ ಕಲಿತ ಗುರುತು.

ಅಹಮದಾಬಾದಿನ ಅಪಘಾತದ ನೆನಪು ಎಲ್ಲರಿಗೂ ಇದೆ. 2025ರ ಜೂನ್ 12ರದ್ದು ಅದು, ಮೇಲೇರುವಾಗ ಆದದ್ದು. ಎರಡೂ ಎಂಜಿನ್‌ಗಳ ಇಂಧನ ಸ್ವಿಚ್ ಒಂದು ಸೆಕೆಂಡಿನ ಅಂತರದಲ್ಲಿ ‘ರನ್’ನಿಂದ ‘ಕಟಾಫ್’ಗೆ ಹೋದವು ಎಂದು ಪ್ರಾಥಮಿಕ ವರದಿ ಹೇಳಿತು. ಹೇಗೆ, ಏಕೆ ಎಂದು ಹೇಳಲಿಲ್ಲ. ಆ ಸ್ವಿಚ್ಚುಗಳನ್ನು ಮೇಲಕ್ಕೆ ಎತ್ತಿಯೇ ಸರಿಸಬೇಕು, ಸುಮ್ಮನೆ ಕೈ ತಾಗಿದರೆ ಜರುಗಬಾರದೆಂದೇ ಹಾಗೆ ಮಾಡಿರುವುದು. ವರದಿ ನಿಲ್ಲಿಸಿದ ಜಾಗದಿಂದ ಮುಂದಕ್ಕೆ ಒಂದೇ ರಾತ್ರಿಯಲ್ಲಿ ತೀರ್ಪು ಬರೆದವರು ನಮ್ಮ ಗ್ರೂಪುಗಳವರು. ಸತ್ತ ಪೈಲಟ್ ಉತ್ತರ ಕೊಡಲಾರ, ಅವರ ಮನೆಯವರು ಆ ಮೆಸೇಜ್ ಓದುತ್ತಾರೆ.

ಭಾರತದಲ್ಲಿ ವಿಮಾನ ಅಪಘಾತಗಳ ತನಿಖೆಗೆ ಎಎಐಬಿ ಎಂಬ ಸರ್ಕಾರಿ ಸಂಸ್ಥೆಯಿದೆ. ಅಂತಾರಾಷ್ಟ್ರೀಯ ನಿಯಮದಂತೆ ಅದರ ಕೆಲಸ ಮುಂದಿನ ಅಪಘಾತ ತಡೆಯುವುದು, ಶಿಕ್ಷೆ ಕೊಡುವುದಲ್ಲ. ಪ್ರಾಥಮಿಕ ವರದಿಗೆ ಸಾಮಾನ್ಯವಾಗಿ 30 ದಿನ, ಅಂತಿಮ ವರದಿಗೆ ವರ್ಷವೂ ಹಿಡಿಯಬಹುದು. ಎಎಐಬಿ ಜಾಲತಾಣದಲ್ಲಿ ತರಬೇತಿ ವಿಮಾನಗಳ ವರದಿಗಳೂ ಸಿಗುತ್ತವೆ, ಇಂಗ್ಲಿಷಿನಲ್ಲಿ. ಅಪಘಾತವಾದ ಒಂದು ಗಂಟೆಯೊಳಗೆ ಯಾವ ಲಿವರ್ ಎಂದು ಹೇಳುವ ಮೆಸೇಜ್ ಬಂದರೆ ಅದನ್ನು ಬರೆದವರಿಗೆ ಅದು ಗೊತ್ತಿರಲು ದಾರಿಯೇ ಇಲ್ಲ. ಗೊತ್ತಿರುವ ಪೆಟ್ಟಿಗೆಯನ್ನು ಆಗಿನ್ನೂ ತೆರೆದಿರುವುದಿಲ್ಲ.

ಹೊಳೆಹೊನ್ನೂರಿನ ಮನೆಗೆ

ಅಜ್ಜಿಯ ಭಯವನ್ನು ನಾವು ಹಗುರ ಮಾಡುವುದಿಲ್ಲ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು, 200 ಗಂಟೆ ಹಾರಿಸಿರಬೇಕು. ಆ 200 ಗಂಟೆಯಲ್ಲಿ ಕೈ ಎಲ್ಲೋ ಒಮ್ಮೆ ತಪ್ಪಾದ ಕಡೆ ಹೋಗೇ ಹೋಗುತ್ತದೆ. ತಪ್ಪಲೇಬಾರದು ಎಂಬ ಶಾಲೆಗಿಂತ, ತಪ್ಪಿದಾಗ ವಿದ್ಯಾರ್ಥಿ ತಾನಾಗಿ ಬಂದು ಹೇಳಬಹುದಾದ ಶಾಲೆ ಮೇಲು. ಯಾಕೆಂದರೆ ಫಿಟ್ಸ್ ಮತ್ತು ಜೋನ್ಸ್‌ಗೆ ಆ 460 ತಪ್ಪುಗಳು ಸಿಕ್ಕಿದ್ದು ಪೈಲಟ್‌ಗಳು ಮುಚ್ಚಿಡದೆ ಹೇಳಿದ್ದರಿಂದ.

ಶಾಲೆ ನೋಡಲು ಹೋದಾಗ ಫೀಸು, ಹಾಸ್ಟೆಲ್ ಜೊತೆಗೆ ಇವನ್ನೂ ಕೇಳಿ. ಕಲಿಸುವ ವಿಮಾನಗಳೆಲ್ಲ ಒಂದೇ ಮಾದರಿಯವೇ, ಇಲ್ಲ ದಿನಕ್ಕೊಂದು ಬಗೆಯ ಕಾಕ್‌ಪಿಟ್ಟೇ? ಒಂದೇ ವಿಮಾನದಲ್ಲಿ ಹಾರುವ ಮೊದಲು ನೆಲದ ಮೇಲೆ ಕಣ್ಣು ಕಟ್ಟಿಕೊಂಡು ಎಲ್ಲ ಕಂಟ್ರೋಲ್ ಮುಟ್ಟಿ ಹೇಳಿಸುತ್ತಾರೆಯೇ? ಇನ್‌ಸ್ಟ್ರಕ್ಟರ್ ದಿನಕ್ಕೆ ಎಷ್ಟು ಗಂಟೆ ಹಾರುತ್ತಾರೆ? ಇಳಿಯದೆ ಮೇಲೇರಿ ಬಂದ ವಿದ್ಯಾರ್ಥಿಗೆ ಬೈಗುಳವೋ, ಬೆನ್ನು ತಟ್ಟುವುದೋ? ಡಿಜಿಸಿಎ 2025ರಿಂದ ಹಾರಾಟ ಶಾಲೆಗಳಿಗೆ ಶ್ರೇಣಿ ಕೊಡಲು ತೊಡಗಿದೆ, ಅದನ್ನೂ ನೋಡಿ. ಆದರೆ ಕೊನೆಯ ಪ್ರಶ್ನೆಗೆ ಉತ್ತರ ಶ್ರೇಣಿಪಟ್ಟಿಯಲ್ಲಿ ಸಿಗುವುದಿಲ್ಲ; ಅಲ್ಲಿ ಓದುತ್ತಿರುವ ಮಕ್ಕಳನ್ನು ಕ್ಯಾಂಟೀನಿನಲ್ಲಿ ಮಾತಾಡಿಸಿದರೆ ಸಿಗುತ್ತದೆ.